ಗಿಫ್ಟಿಗೆ ರೆಸಿನ್ನಾ, ಕ್ಲೇನಾ, ಅಡಿಕೆ ಹಾಳೆನಾ? ಮೂರೂ ಮಾಡಿ ಕೈ ಸುಟ್ಕೊಂಡೋಳ ಹೋಲಿಕೆ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ವೋಟು ಅಡಿಕೆ ಹಾಳೆಗೆ, ಅದೇ ಅಡಿಕೆ ಮರದ ಗರಿಯ ಬುಡದಲ್ಲಿರೋ ಅಗಲದ ಪಟ್ಟೆಗೆ. ಪುರ್ಸೊತ್ತಿಲ್ದೋರು ಇಲ್ಲೇ ನಿಲ್ಲಿಸ್ಬಹುದು. ಆದ್ರೆ ಮಳೆಗಾಲದಲ್ಲಿ ರೆಸಿನ್ (ಅಚ್ಚಿಗೆ ಹೊಯ್ದು ಗಟ್ಟಿ ಮಾಡೋ ಅಂಟು ದ್ರವ) ಕಿಟ್ ತರಿಸೋಕೆ ಹೊರಟಿರೋ ಮಲೆನಾಡಿನೋರು ಯಾರಾದ್ರೂ ಇದ್ರೆ ಮುಂದೆ ಓದಿ ಮಾರಾಯ್ರೆ, ಕಿಟ್ಟು, ಅಚ್ಚು, ಗ್ಲೌಸು ಎಲ್ಲಾ ಸೇರಿ ನಂಗೆ 1200 ರೂಪಾಯಿ ಬಿದ್ದಿದೆ.

ನಮ್ದು ತೀರ್ಥಹಳ್ಳಿ ಹತ್ರ. ಶ್ರಾವಣದಲ್ಲಿ ಚಿಕ್ಕಮ್ಮನ ಮಗಳ ಮನೆ ಗೃಹಪ್ರವೇಶ ಇತ್ತು, ಬಂದೋರಿಗೆ ತಾಂಬೂಲದ ಜೊತೆ ಕೊಡೋಕೆ ಕೈಯಲ್ಲಿ ಮಾಡಿದ್ದು ಏನಾದ್ರೂ 25 ಪೀಸ್ ಮಾಡ್ಕೊಡ್ತೀನಿ ಅಂತ ನಾನೇ ಒಪ್ಕೊಂಡಿದ್ದೆ. ಆಷಾಢದಲ್ಲಿ ಮದ್ವೆ ಇಲ್ಲ ಮುಂಜಿ ಇಲ್ಲ, ಹೊರಗೆ ಮಳೆ, ಕೂತು ಮಾಡೋಕೆ ಇದಕ್ಕಿಂತ ಒಳ್ಳೆ ಟೈಮ್ ಎಲ್ಲಿದೆ ಅಂದ್ಕೊಂಡೆ. ಅಲ್ಲೇ ಎಡವಿದ್ದು.

ವಿಡಿಯೋದಲ್ಲಿ ನೋಡಿದ್ರೆ ರೆಸಿನ್ ಎಷ್ಟು ಸಲೀಸು ಅಂತೀರಿ. ಎರಡು ಬಾಟ್ಲಿ ಬೆರೆಸು, ಒಣಗಿದ ಹೂ ಹಾಕು, ಅಚ್ಚಿಗೆ ಹೊಯ್ಯಿ, ಮಾರನೇ ದಿನ ಗಾಜಿನ ಹಾಗೆ ಕೀಚೈನ್. ನಾನು ರೆಸಿನ್ 2ಕ್ಕೆ ಹಾರ್ಡನರ್ (ಅದನ್ನ ಗಟ್ಟಿ ಮಾಡೋ ಎರಡನೇ ಬಾಟ್ಲಿ) 1 ಅಂತ ಓದಿ ಅಡುಗೆಮನೆ ತಕ್ಕಡೀಲಿ ತೂಗಿ ಬೆರೆಸಿದೆ. ಒಂದು ದಿನ ಆಯ್ತು, ಎರಡು ದಿನ ಆಯ್ತು, ಮುಟ್ಟಿದ್ರೆ ಹಲಸಿನಹಣ್ಣಿನ ಮೇಣದ ಹಾಗೆ ಕೈಗೆ ಅಂಟತ್ತೆ. ಆಮೇಲೆ ಕನ್ನಡಕ ಹಾಕ್ಕೊಂಡು ಲೇಬಲ್ ಓದಿದ್ರೆ ಆ 2ಕ್ಕೆ 1 ಅಳತೆ ಲೆಕ್ಕ, ತೂಕದ ಲೆಕ್ಕ ಅಲ್ಲ. ಹಾರ್ಡನರ್ ರೆಸಿನ್‌ಗಿಂತ ಹಗುರ, ತೂಗಿ ಹಾಕಿದ್ರೆ ಅದು ಜಾಸ್ತಿ ಬೀಳತ್ತೆ, ಜಾಸ್ತಿ ಬಿದ್ರೆ ಬೇಗ ಗಟ್ಟಿಯಾಗಲ್ಲ, ಹಾಗೇ ಮೆತ್ತಗೆ ಉಳ್ಕೊಳತ್ತೆ.

ಆ ಮೊದಲ ಸಲದ ಪೀಸ್‌ಗಳನ್ನ ಒಣಗ್ಲಿ ಅಂತ ಪೇಪರ್ ಮೇಲೆ ಹರಡಿದ್ದೆ. ಬೆಳಿಗ್ಗೆ ಕಿತ್ತರೆ ಪೇಪರ್ ಸಮೇತ ಬಂತು. ಅದೂ ಎಂತ ಪುಟ ಅಂತೀರಿ, ಅಡಿಕೆ ಧಾರಣೆ! ಕೀಚೈನ್ ಎತ್ತಿ ಬೆಳಕಿಗೆ ಹಿಡಿದ್ರೆ ಸೇವಂತಿಗೆ ಎಸಳಿನ ಹಿಂದೆ ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಅಡಿಕೆ ದರ್ಜೆಗಳನ್ನ ಸಾಲಾಗಿ ಓದ್ಬಹುದು. "ಒಳ್ಳೇದಾಯ್ತು, ಮಂಡಿಗೆ ಫೋನ್ ಮಾಡೋದು ತಪ್ತು" ಅಂದ್ರು ಅಪ್ಪ.

ಎರಡನೇ ಸಲ ಕೆಮ್ಮಿನ ಔಷಧಿಯ ಎಂಎಲ್ ಗೆರೆ ಇರೋ ಮುಚ್ಚಳ ಎರಡು ಇಟ್ಕೊಂಡು ಅಳೆದೆ. ಈ ಸಲ ಗಟ್ಟಿಯಾಯ್ತು. ಆದ್ರೆ ಮೇಲೆ ಬಿಳಿ ಬಿಳಿ ಜಿಡ್ಡಿನ ಪದರ, ಮಂಜು ಹಿಡಿದ ಕನ್ನಡಿ ಥರ. ಇದು ಅಳತೆ ತಪ್ಪಿ ಆಗೋದಲ್ಲ, ಹವೆಯಿಂದ ಆಗೋದು. ಗಾಳೀಲಿರೋ ತೇವ ಮತ್ತು ಕಾರ್ಬನ್ ಡೈಆಕ್ಸೈಡ್ ಹಾರ್ಡನರ್ ಜೊತೆ ಸೇರಿ ಮೇಲ್ಗಡೆ ಈ ಪದರ ಕಟ್ಟತ್ತೆ, ಥಂಡಿ ಇದ್ದಷ್ಟೂ ಜಾಸ್ತಿ. ಬಾಟ್ಲಿ ಮೇಲೆ 24 ಡಿಗ್ರಿ ಬೇಕು ಅಂತ ಬರೆದಿದ್ದಾರೆ, ನಮ್ಮಲ್ಲಿ ಆಷಾಢದ ರಾತ್ರಿ ಕಂಬಳಿ ಹೊದ್ದು ಮಲಗೋದು. ಆಗುಂಬೆ ಮಗ್ಗುಲಲ್ಲಿ ಇದ್ಕೊಂಡು ಒಣಗಾಳಿ ಬೇಕು ಅಂದ್ರೆ ಎಲ್ಲಿಂದ ತರೋದು? ಬಿಸಿನೀರಿಗೆ ಪಾತ್ರೆ ಸೋಪ್ ಹಾಕಿ ಉಜ್ಜಿದ್ರೆ ಜಿಡ್ಡೇನೋ ಹೋಗತ್ತೆ, ಹೊಳಪೂ ಹೋಗತ್ತೆ. ಇನ್ನು ಹೂ ಪೂರ್ತಿ ಒಣಗದೇ ಇದ್ದಿದ್ದಕ್ಕೆ ಒಳಗೆಲ್ಲ ಗುಳ್ಳೆ ಬೇರೆ, ಎಸಳು ಕಂದು ಬಣ್ಣ.

ಮೂರನೇ ಸಲ ಖಾಲಿ ಅಕ್ಕಿ ಡ್ರಮ್ಮಿಗೆ ಹಳೇ 60 ವ್ಯಾಟ್ ಬಲ್ಬ್ ಇಳಿಬಿಟ್ಟು, ಶೂ ಡಬ್ಬದಲ್ಲಿ ಬರೋ ಸಿಲಿಕಾ ಪ್ಯಾಕೆಟ್ ನಾಲ್ಕು ಹಾಕಿ, ಅದರೊಳಗೆ ಅಚ್ಚು ಇಟ್ಟೆ. ಚೆನ್ನಾಗಿ ಬರ್ತಿತ್ತು, ರಾತ್ರಿ ಗಾಳಿಗೆ ಲೈನ್ ಮೇಲೆ ಮರ ಬಿದ್ದು ಒಂದೂವರೆ ದಿನ ಕರೆಂಟ್ ಇಲ್ಲ. ಎಲ್ಲಾ ಸೇರಿ 25ರಲ್ಲಿ ಕೊಡೋ ಹಾಗಿದ್ದಿದ್ದು 9.

ಕ್ಲೇ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬೇಯಿಸೋದು ಬೇಡ, ಗಾಳೀಲೇ ಒಣಗತ್ತೆ ಅಂತಾರಲ್ಲ ಅದು. ನಮ್ಮ ಗಾಳೀಲಿ ಆರು ದಿನ. ಮೇಲ್ಗಡೆ ಬೇಗ ಒಣಗಿ ಅಡಿ ಹಸಿ ಇದ್ರೆ ಎಲೆ ಮುದುಡಿದ ಹಾಗೆ ಮುದುಡತ್ತೆ, ದಿನಕ್ಕೆರಡು ಸಲ ಮಗುಚಿ ಹಾಕ್ಬೇಕು. ಮಾಡಿದ ಆನೆ ಮುದ್ದಾಗಿತ್ತು, ಬಸ್ಸಲ್ಲಿ ಶಿವಮೊಗ್ಗಕ್ಕೆ ಕಳಿಸಿದೆ, ಸೊಂಡಿಲು ಬೇರೆ ಆನೆ ಬೇರೆ ಆಗಿ ತಲುಪ್ತು. ಮನೇಲಿ ಮಕ್ಕಳಿದ್ರೆ ತಗೊಳ್ಳಿ, ಅಷ್ಟೇ.

ಭತ್ತದ ತೆನೆ ತೋರಣಾನೂ ಯೋಚ್ನೆ ಮಾಡಿದ್ದೆ, ಆದ್ರೆ ಅದು ಕೊಯ್ಲಾದ ಮೇಲಿನ ಮಾತು, ಮೇಲಾಗಿ ಹೋದ ವರ್ಷ ಅಕ್ಕನ ಮನೆಗೆ ಕೊಟ್ಟಿದ್ದನ್ನ ಗುಬ್ಬಿಗಳು ವಾರದಲ್ಲಿ ಖಾಲಿ ಮಾಡಿದ್ವು.

ಇನ್ನು ಹಾಳೆ. ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಬೇಸಿಗೇಲಿ ಹೆಕ್ಕಿಟ್ಟಿದ್ದು ಒಂದು ಕಟ್ಟು ಇತ್ತು, ಉರಿ ಹಚ್ಚೋಕೆ ಅಂತ. ಮಳೇಲಿ ನೆನೆದಿದ್ದು, ಕಪ್ಪು ಚುಕ್ಕಿ ಬಿದ್ದಿದ್ದು ಬೇಡ, ಅದಕ್ಕೆ ಆಗ್ಲೇ ಬೂಷ್ಟು ಹಿಡಿದಿರತ್ತೆ. ಒಳ್ಳೇದು ಆರಿಸಿ ಅರ್ಧ ಗಂಟೆ ನೀರಲ್ಲಿ ನೆನೆಸಿ, ಎರಡು ಹಲಗೆ ಮಧ್ಯೆ ಇಟ್ಟು ಮೇಲೆ ರುಬ್ಬೋ ಗುಂಡು ಹೇರಿ ರಾತ್ರಿ ಬಿಟ್ರೆ ಚಪ್ಪಟೆ ಆಗತ್ತೆ. ಮತ್ತೆ ಒಲೆ ಮೇಲಿನ ಅಟ್ಟದಲ್ಲಿ ಎರಡು ದಿನ ಒಣಗ್ಬೇಕು. ಗುಂಡಗೆ ಕತ್ತರಿಸುವಾಗ ನಾರಿನ ಉದ್ದಕ್ಕೆ ಸೀಳೋ ಬುದ್ಧಿ ಇದಕ್ಕೆ, ಅದಕ್ಕೇ ಬ್ಲೇಡ್ ಬೇಡ, ದಪ್ಪ ಕತ್ರಿ ತಗೊಳ್ಳಿ. ದಾರ ಪೋಣಿಸೋ ತೂತನ್ನ ಅಂಚಿಗೆ ತೀರಾ ಹತ್ರ ಹಾಕ್ಬೇಡಿ.

ಒಳಮೈ ನುಣುಪಾಗಿರತ್ತೆ, ಅದರ ಮೇಲೆ ಕೆಮ್ಮಣ್ಣಿನ ಬಣ್ಣ ಹಚ್ಚಿ ಬಿಳಿ ಎಳೆ ಬರೆದೆ. ನಮ್ಮ ಸಾಗರ, ಸೊರಬ ಕಡೆ ದೀವರ ಸಮುದಾಯದ ಹೆಂಗಸರು ಗೋಡೆ ಮೇಲೆ ಬರೆಯೋ ಹಸೆ ಚಿತ್ತಾರ ನೋಡಿರ್ತೀರಲ್ಲ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ, ಅದೆಲ್ಲ ನಂಗೆ ಬರಲ್ಲ. ನಾನು ಮಾಡಿದ್ದು ಅದನ್ನ ನೋಡಿ ಕಲಿತ ನಾಲ್ಕು ಗೆರೆ, ಅದೂ ಅಕ್ರಿಲಿಕ್ ಬಣ್ಣದಲ್ಲಿ, ಹಸೆ ಅಂತ ಹೆಸರು ಹೇಳಿ ಯಾರಿಗೂ ಕೊಟ್ಟಿಲ್ಲ. ಕೊನೆಗೆ ಎರಡೂ ಕಡೆ ವಾರ್ನಿಷ್. ಹಿಂದುಗಡೆ ಹಚ್ಚದೇ ಬಿಟ್ಟಿದ್ದ ಎರಡಕ್ಕೆ ಬೂಷ್ಟು ಬಂತು, ಅದು ನನ್ನದೇ ಸೋಮಾರಿತನ. ಶಿವಮೊಗ್ಗದ ಗಾಂಧಿ ಬಜಾರಲ್ಲಿ ತಗೊಂಡ ದಾರ, ಮಣಿ, ಬಣ್ಣ, ವಾರ್ನಿಷ್ ಎಲ್ಲ ಸೇರಿ 260 ರೂಪಾಯಿ, ಬೇಕಿದ್ದ 16 ಆಗಿ ಮೇಲೆ ಐದು ಉಳೀತು.

ಒಂದೇ ಬೇಜಾರು. ಊರೋರಿಗೆ ಹಾಳೆ ಅಂದ್ರೆ ಬೆಲೆ ಇಲ್ಲ. "ಇದೆಂತದೇ, ಹಾಳೆ ಕೊಡ್ತಿದ್ದೀಯಲ್ಲೇ" ಅಂತ ಅತ್ತೆ ಎಲ್ಲರ ಎದುರೇ ನಕ್ರು. ಬೆಂಗಳೂರಿಂದ ಬಂದಿದ್ದೋರು ಮಾತ್ರ ಇನ್ನೊಂದಿದ್ರೆ ಕೊಡಿ ಅಂತ ಕೇಳಿ ಇಸ್ಕೊಂಡು ಹೋದ್ರು. ಹಾಗಾಗಿ ಯಾರಿಗೆ ಕೊಡ್ತಿದ್ದೀರಿ ನೋಡ್ಕೊಳ್ಳಿ, ತೋಟ ಇರೋರ ಮನೆಗಾದ್ರೆ ಆ 9 ರೆಸಿನ್ನೇ ಮೇಲು.

ನಾನು ಕೂರೋದು ರಾತ್ರಿ ಪಾತ್ರೆ ತೊಳೆದಾದ ಮೇಲೆ, ಅದೂ ಅರ್ಧ ಗಂಟೆ. ಹಾಳೆ ಆದ್ರೆ ಎಲ್ಲಿ ಬೇಕಾದ್ರೂ ಬಿಟ್ಟು ಏಳ್ಬಹುದು. ರೆಸಿನ್ ಬೆರೆಸಿದ್ರೆ ಮುಗೀತು, ಮಗು ಅತ್ರೂ ಏಳೋ ಹಾಗಿಲ್ಲ, ಲೋಟದಲ್ಲೇ ಗಟ್ಟಿಯಾಗತ್ತೆ. ಗ್ಲೌಸ್ ಇಲ್ದೇ ಮುಟ್ಲೂಬೇಡಿ, ಕೆಲವರಿಗೆ ಚರ್ಮದ ಅಲರ್ಜಿ ಶುರುವಾದ್ರೆ ಬಿಡಲ್ಲ. ಉಳಿದಿರೋ ಅರ್ಧ ಬಾಟ್ಲಿನ ಮಾರ್ಚ್‌ಗೆ ತೆಗೀತೀನಿ, ಅಷ್ಟೊತ್ತಿಗೆ ಹಾರ್ಡನರ್ ಇನ್ನೂ ಹಳದಿ ಆಗಿರತ್ತೇನೋ.

ಧಾರಣೆ ಕೀಚೈನ್ ಒಂದನ್ನ ಅಪ್ಪ ಪೌಡರ್ ಬಳಿದು ತೋಟದ ಗೇಟಿನ ಕೀಲಿಗೆ ಹಾಕ್ಕೊಂಡಿದ್ದಾರೆ. ಇನ್ನೂ ಜೇಬಿಗೆ ಅಂಟತ್ತೆ.