ಕೆಂಪು ತಟ್ಟೆ: ಮೊಸರನ್ನಕ್ಕೆ ಸೈ, ಟೊಮೆಟೊ ಸಾರಿಗೆ ಕೈಕೊಡ್ತು (14 ತಿಂಗಳ ಬಳಕೆ)

ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವವರ ಆರೈಕೆ ಕೇಂದ್ರಕ್ಕೆಂದು ತರಿಸಿದ ತಟ್ಟೆ ಇದು. ಗಾಢ ಕೆಂಪು ಮೆಲಮೈನ್, ಒಂದು ಬದಿಗೆ ಎತ್ತರದ ಗೋಡೆ, ತಳದಲ್ಲಿ ಟೇಬಲ್ಲಿಗೆ ಕಚ್ಚಿಕೊಳ್ಳುವ ರಬ್ಬರ್ ಬಳೆ. ಅಳತೆ, ತೂಕ ಮಾರುವವರ ಪುಟದಲ್ಲೇ ಇದೆ. ಒಂದಕ್ಕೆ 650 ರೂಪಾಯಿ ಬಿತ್ತು. ಅಷ್ಟು ದುಡ್ಡಿಗೆ ಮೂರ್ನಾಲ್ಕು ಸ್ಟೀಲ್ ತಟ್ಟೆ ಬರುತ್ತಲ್ಲ ಎಂದು ಅಡುಗೆಮನೆಯವರು ಕೇಳೇ ಕೇಳುತ್ತಾರೆ.

ಬರುತ್ತೆ, ನಿಜ. ಆದರೆ ಟ್ಯೂಬ್‌ಲೈಟ್ ಕೆಳಗೆ ಸ್ಟೀಲ್ ಫಳಫಳ ಅನ್ನುತ್ತೆ. ಅದರ ಮೇಲೆ ಬಿಳಿ ಅನ್ನ, ಅದರ ಮೇಲೆ ಬಿಳಿ ಮೊಸರು. ಕಾಯಿಲೆ ಮುಂದುವರಿದವರಿಗೆ ಅನ್ನ ಎಲ್ಲಿ ಮುಗಿದು ತಟ್ಟೆ ಎಲ್ಲಿ ಶುರುವಾಯಿತು ಎಂದೇ ಗೊತ್ತಾಗುವುದಿಲ್ಲ. ‘ಊಟ ಬೇಡ ಅಂದರು’ ಎಂದು ಚಾರ್ಟ್‌ನಲ್ಲಿ ಬರೆಯುವ ಎಷ್ಟೋ ದಿನ ಎದುರಿಗಿದ್ದ ಊಟ ಅವರಿಗೆ ಕಂಡೇ ಇರುವುದಿಲ್ಲ. ಬಾಸ್ಟನ್ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿಳಿ ಪಾತ್ರೆ ತೆಗೆದು ಗಾಢ ಕೆಂಪು ಪಾತ್ರೆ ಇಟ್ಟಾಗ ತಿನ್ನುವುದು 25%, ಕುಡಿಯುವುದು 84% ಹೆಚ್ಚಿತು. ನೋಡಿದ್ದು ಬರೀ 9 ಜನರನ್ನು, ಅದೂ ನೆನಪಿರಲಿ. ತೆಳು ಕೆಂಪು, ತೆಳು ನೀಲಿಯಿಂದ ಪ್ರಯೋಜನ ಆಗಲಿಲ್ಲ. ಗಾಢ ನೀಲಿ ಮಾತ್ರ ಕೆಂಪಿನ ಹಾಗೆಯೇ ಕೆಲಸ ಮಾಡಿತು. ಅಂದರೆ ಕೆಂಪಿನಲ್ಲಿ ಮಾಟ ಮಂತ್ರ ಏನಿಲ್ಲ, ಊಟಕ್ಕೂ ತಟ್ಟೆಗೂ ಬಣ್ಣ ಎದ್ದು ಕಾಣುವಷ್ಟು ಬೇರೆ ಇರಬೇಕು.

ಮಾರುವವರು ಈ ಮಾತು ಹೇಳುವುದಿಲ್ಲ, ನನ್ನ ದೊಡ್ಡ ತಕರಾರೇ ಅದು. ಇಡ್ಲಿ, ಮೊಸರನ್ನ, ಬಿಳಿ ಉಪ್ಪಿಟ್ಟು, ಶ್ಯಾವಿಗೆ ಈ ತಟ್ಟೆಯಲ್ಲಿ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತವೆ. ಟೊಮೆಟೊ ಸಾರನ್ನ, ಬೀಟ್‌ರೂಟ್ ಪಲ್ಯ, ಬಿಸಿಬೇಳೆಬಾತ್ ಬಡಿಸಿದಿರೋ, ಸ್ಟೀಲಿಗಿಂತ ಕಡೆ. ಮುದ್ದೆಗಂತೂ ಹಳೇ ಬಿಳಿ ಪಿಂಗಾಣಿ ತಟ್ಟೆಯೇ ಸರಿ. ಕಡು ಕಂದು ಬಣ್ಣ ಕೆಂಪಿನಲ್ಲೂ ಕಡು ನೀಲಿಯಲ್ಲೂ ಮಂಕಾಗುತ್ತೆ. ಈಗ ಬೆಳಗಿನ ತಿಂಡಿಗೆ, ರಾತ್ರಿ ಮೊಸರನ್ನಕ್ಕೆ ಕೆಂಪು, ಮಧ್ಯಾಹ್ನ ಸಾರಿಗೆ ಬಿಳಿ. ಎರಡು ಜೊತೆ ತಟ್ಟೆ ಇಡಲು ದುಡ್ಡಿಲ್ಲದಿದ್ದರೆ ಒಂದು ವಾರದ ಮೆನು ಮುಂದಿಟ್ಟುಕೊಂಡು, ಜಾಸ್ತಿ ಸಲ ಬರುವ ಅಡುಗೆಯ ಬಣ್ಣ ನೋಡಿ ತಟ್ಟೆ ಕೊಳ್ಳಿ. ಲೋಟ ಸೆಟ್‌ನಲ್ಲಿ ಇಲ್ಲವೇ ಇಲ್ಲ! 84% ಬಂದದ್ದು ಕುಡಿಯುವುದರಲ್ಲಿ. ಕೆಂಪು ಲೋಟ ಬೇರೆ ತರಿಸಿದ ಮೇಲೆ ಮಜ್ಜಿಗೆ, ಹಾಲು ಖಾಲಿಯಾಗುವುದು ಎದ್ದು ಕಂಡಿತು.

ಕಾಸು ವಸೂಲಾದದ್ದು ಗೋಡೆಯಿಂದ. ಅದೂ ತಟ್ಟೆಯ ಜೊತೆ ಬಂದ ಚೀಟಿಯಲ್ಲಿ ಹೇಳಿದ ರೀತಿಯಲ್ಲಿ ಇಟ್ಟಾಗ ಆಗಲಿಲ್ಲ. ಗೋಡೆ ಎದುರಿಗೆ ಬರಲಿ, ಚಮಚ ಅತ್ತ ತಳ್ಳಲಿ ಅನ್ನುತ್ತೆ ಚೀಟಿ. ನಮ್ಮವರು ಉಣ್ಣುವುದು ಕೈಯಲ್ಲಿ. ಚಮಚ ಏನಕ್ಕೆ ಎಂಬುದೇ ಮರೆತವರ ಬೆರಳಿಗೂ ತುತ್ತು ಕಟ್ಟುವುದು ಮರೆತಿರುವುದಿಲ್ಲ. ಬಲಗೈ ಬೆರಳು ಅನ್ನವನ್ನು ತನ್ನ ಕಡೆಗೆ, ಕೊಂಚ ಎಡಕ್ಕೆ ಎಳೆಯುತ್ತೆ; ಗೋಡೆ ಎದುರಿಗಿದ್ದರೆ ಅರ್ಧ ಅನ್ನ ಮಡಿಲಿಗೆ. ತಟ್ಟೆಯನ್ನು ಗಡಿಯಾರ ಅಂದುಕೊಳ್ಳಿ, ಕೂತವರು 6ರ ಕಡೆ. ಗೋಡೆ 8ರ ಹತ್ತಿರ ಬರುವ ಹಾಗೆ ತಿರುಗಿಸಿ, ಆಮೇಲೆ ಒತ್ತಿ ಅಂಟಿಸಿ. ಎಡಗೈಯವರಿಗೆ 4ರ ಹತ್ತಿರ. ಅನ್ನ ಗೋಡೆಗೆ ಒತ್ತಿ ನಿಲ್ಲುತ್ತೆ, ಹೆಬ್ಬೆರಳು ತಾನಾಗಿ ಅದನ್ನು ತುತ್ತು ಮಾಡುತ್ತೆ. ಮೊದಲ ತುತ್ತಿಗೆ ಮಣಿಕಟ್ಟು ಹಿಡಿದು ದಾರಿ ತೋರಿಸಿದರೆ ಎರಡನೆಯದು ಎಷ್ಟೋ ಸಲ ಅವರದೇ. ತಿನ್ನಿಸಿಯೇ ಅಭ್ಯಾಸವಾದ ಸಿಬ್ಬಂದಿಗೆ ಆಗ ಕೈ ಕಟ್ಟಿ ಕೂರುವುದೇ ಕಷ್ಟ.

ಗೋಡೆಯ ಬುಡದಲ್ಲಿ ಸಾರು ನಿಲ್ಲುತ್ತೆ, ಹುಷಾರು. ನುಂಗುವುದು ಕಷ್ಟ ಇರುವವರಿಗೆ ತೆಳು ಸಾರು, ಅಗುಳು ಒಟ್ಟಿಗೆ ಹೋದರೆ ಅಪಾಯ: ಬಾಯಿ ಅಗುಳನ್ನು ಅಗಿಯುವಷ್ಟರಲ್ಲಿ ಸಾರು ಗಂಟಲಿಗೆ ಜಾರಿ ಕೆಮ್ಮು ಬರುತ್ತೆ. ಒಂದಕ್ಕೆ ನಾಲ್ಕು ನೀರಿಟ್ಟು ಅನ್ನ ಮೆತ್ತಗೆ ಮಾಡಿ, ಸಾರು ಹಾಕಿ ಕಿವುಚಿ ಐದು ನಿಮಿಷ ಬಿಡಿ. ತಟ್ಟೆ ವಾಲಿಸಿದರೆ ನೀರು ಬೇರೆಯಾಗಿ ಹರಿಯಬಾರದು. ಕರಿಬೇವು, ಒಣಮೆಣಸಿನಕಾಯಿ ಒಗ್ಗರಣೆಯಲ್ಲೇ ತೆಗೆಯಿರಿ. ಒಮ್ಮೆಗೆ ಒಂದೇ ಪದಾರ್ಥ. ಪಲ್ಯ, ಹಪ್ಪಳ, ಉಪ್ಪಿನಕಾಯಿ ಎಲ್ಲ ಸುತ್ತ ಇಟ್ಟರೆ ಯಾವುದಕ್ಕೆ ಕೈ ಹಾಕುವುದೆಂದು ತಿಳಿಯದೆ ಸುಮ್ಮನೆ ಕೂರುತ್ತಾರೆ.

ಮೂರು ತಿಂಗಳಿಗೆ ಅರಿಶಿನದ ಕಲೆ ಬಿತ್ತು. ಅಂದಚೆಂದದ ಮಾತು ಪಕ್ಕಕ್ಕಿರಲಿ, ಊಟ ಮುಗಿದ ಮೇಲೂ ಆ ಹಳದಿಯನ್ನು ಅನ್ನವೆಂದು ಉಗುರಿನಿಂದ ಕೆರೆಯುತ್ತಾ ಕೂರುತ್ತಾರೆ. ಹೂವಿನ ಚಿತ್ರದ ತಟ್ಟೆ ಬೇಡ ಅನ್ನುವುದೂ ಇದಕ್ಕೇ. ಸ್ಟೀಲ್ ನಾರಿನಿಂದ ಉಜ್ಜಿದರೆ ಗೀರು ಬಿದ್ದು ಕಲೆ ಇನ್ನೂ ಆಳಕ್ಕೆ ಇಳಿಯುತ್ತೆ. ತೊಳೆದು ತಾರಸಿಯ ಬಿಸಿಲಿಗೆ ಇಡಿ, ಅರಿಶಿನ ಬಿಸಿಲಿಗೆ ತಾನೇ ಮಾಸುತ್ತೆ. ಆಷಾಢ, ಶ್ರಾವಣದಲ್ಲಿ ಮಾತ್ರ ಈ ಉಪಾಯ ನಡೆಯಲಿಲ್ಲ. ಮೈಕ್ರೋವೇವ್‌ಗೆ ಮೆಲಮೈನ್ ಬೇಡವೇ ಬೇಡ.

ರಬ್ಬರ್ ಬಳೆಗೆ ಹತ್ತಕ್ಕೆ ನಾಲ್ಕು ಅಂಕ. ಗ್ರಾನೈಟ್, ಸನ್‌ಮೈಕಾ ಮೇಲೆ ಒದ್ದೆ ಬೆರಳಾಡಿಸಿ ಒತ್ತಿದರೆ ಗಟ್ಟಿ ನಿಲ್ಲುತ್ತೆ. ಎಣ್ಣೆ ಬಟ್ಟೆಯಲ್ಲಿ ಒರೆಸಿದ ಟೇಬಲ್ಲಿನಲ್ಲಿ ಹತ್ತು ನಿಮಿಷಕ್ಕೆ ಬಿಟ್ಟುಕೊಳ್ಳುತ್ತೆ, ಪ್ಲಾಸ್ಟಿಕ್ ಹಾಸು ಇದ್ದರೆ ಹಾಸನ್ನೇ ಎತ್ತಿಕೊಂಡು ಬರುತ್ತೆ. ಹನ್ನೊಂದನೇ ತಿಂಗಳಿಗೆ ಅರ್ಧಕ್ಕರ್ಧ ಬಳೆಗಳು ಗಡಸಾದವು, ಬಿಡಿ ಬಳೆ ಮಾರುವುದಿಲ್ಲವಂತೆ. ಈಗ ತಟ್ಟೆ ಕೆಳಗೆ ಹಿಂಡಿದ ಒದ್ದೆ ಟವೆಲ್ ಮಡಿಸಿ ಇಡುತ್ತೇವೆ, ಜಾರುವುದಿಲ್ಲ. ಮುಂದಿನ ಸಲ ಬಳೆ ಇಲ್ಲದ, ಗೋಡೆ ಇರುವ ಅಗ್ಗದ ತಟ್ಟೆಯನ್ನೇ ತರಿಸುವುದು.