ಎಫೆಸಸ್‌ಗೆ ಹೋಗುವವರೇ, ಗೇಟಿನ ಹೊರಗೆ ಮಾರುವ ‘ಹಳೇ ನಾಣ್ಯ’ ಮುಟ್ಟಬೇಡಿ

ಟರ್ಕಿಯಲ್ಲಿರುವ ಗ್ರೀಕ್-ರೋಮನ್ ಕಾಲದ ಹಾಳುಬಿದ್ದ ಊರು ಎಫೆಸಸ್ ನೋಡಲು ಹೊರಟಿರುವವರು ದಯವಿಟ್ಟು ಇದನ್ನು ಓದಿ. ಅದರಲ್ಲೂ ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರು. ಕಳೆದ ಜೂನ್‌ನಲ್ಲಿ ನಾವು ಹೋಗಿದ್ದೆವು. ಅಲ್ಲಿ 60 ಯೂರೋ ಕೊಟ್ಟು ತೆಗೆದುಕೊಂಡ ಎರಡು ನಾಣ್ಯದ ದೆಸೆಯಿಂದ ನಮ್ಮ ಅಪ್ಪಾಜಿ ವಿಮಾನ ನಿಲ್ದಾಣದ ಒಂದು ಕೋಣೆಯಲ್ಲಿ 4 ಗಂಟೆ ಕೂರಬೇಕಾಯಿತು. ವಿಮಾನವೂ ತಪ್ಪಿತು.

ಅಪ್ಪಾಜಿ ಚಿತ್ರದುರ್ಗದಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ಚಂದ್ರವಳ್ಳಿಯಲ್ಲಿ ಅಗೆದಾಗ ರೋಮನ್ನರ ಬೆಳ್ಳಿ ನಾಣ್ಯ ಸಿಕ್ಕಿದ ಕಥೆಯನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದರು. ಅಂಥ ದುಡ್ಡು ಓಡಾಡಿದ ಊರನ್ನು ಒಂದು ಸಲ ಕಣ್ಣಾರೆ ನೋಡಬೇಕು ಅನ್ನುವುದು ಅವರ ಬಹಳ ದಿನದ ಆಸೆ.

ಊರೇನೋ ಅವರು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿತ್ತು. ಸೆಲ್ಸಸ್ ಗ್ರಂಥಾಲಯದ ಎರಡಂತಸ್ತಿನ ಮುಂಭಾಗವನ್ನು ಆಸ್ಟ್ರಿಯಾದ ತಜ್ಞರು 1970ರ ದಶಕದಲ್ಲಿ, ಬಿದ್ದಿದ್ದ ಕಲ್ಲುಗಳನ್ನೇ ಜೋಡಿಸಿ ಎಬ್ಬಿಸಿ ನಿಲ್ಲಿಸಿದರಂತೆ. ಅದರ ಮುಂದೆ ಅಪ್ಪಾಜಿ ಅರ್ಧ ಗಂಟೆ ಕದಲಲಿಲ್ಲ. ಸುಮಾರು 25,000 ಜನ ಕೂರಬಹುದಾಗಿದ್ದ ರಂಗಮಂದಿರದ ಮೆಟ್ಟಿಲು ಹತ್ತಿ ನಿಂತು, ಬಂದರು ಎಲ್ಲಿ ಅಂತ ಹುಡುಕಿದರು. ಬಂದರಿಲ್ಲ, ಬರೀ ಹುಲ್ಲು. ನದಿ ತಂದ ಹೂಳು ತುಂಬಿ ತುಂಬಿ ಸಮುದ್ರವೇ ಹಲವು ಕಿಲೋಮೀಟರ್ ಹಿಂದೆ ಸರಿದಿದೆ.

ಕೆಳಗಿನ ಗೇಟಿನಿಂದ ಹೊರಗೆ ಬಂದಾಗ ಮಧ್ಯಾಹ್ನ ಒಂದೂವರೆ. ಒಳಗೆ ನೆರಳು ಇಲ್ಲವೇ ಇಲ್ಲ, ಎಲ್ಲರಿಗೂ ಸುಸ್ತಾಗಿತ್ತು. ನಾನು ನೀರಿನ ಬಾಟಲಿ ತರಲು ಅಂಗಡಿಗೆ ಹೋದೆ. ಅಷ್ಟರಲ್ಲಿ ವಯಸ್ಸಾದ ಒಬ್ಬ ಮನುಷ್ಯ ಅಪ್ಪಾಜಿ ಹತ್ತಿರ ಬಂದಿದ್ದ. ಕೈಯಲ್ಲಿ ಕರವಸ್ತ್ರದ ಗಂಟು. ಅತ್ತ ಇತ್ತ ನೋಡಿ ಗಂಟು ಬಿಚ್ಚಿದ. ಹೊಲ ಉಳುವಾಗ ಸಿಕ್ಕಿದ್ದು, ಮ್ಯೂಸಿಯಂಗೆ ಕೊಟ್ಟರೆ ನಮಗೇನೂ ಸಿಗಲ್ಲ ಅಂತ ಮುರುಕು ಇಂಗ್ಲಿಷಿನಲ್ಲಿ ಹೇಳಿದನಂತೆ.

ಒಂದರ ಮೇಲೆ ರೆಕ್ಕೆ ಬಿಚ್ಚಿದ ಜೇನುನೊಣ, ಹಿಂದೆ ಜಿಂಕೆ. ಹಳೇ ಎಫೆಸಸ್‌ನ ನಾಣ್ಯದ ಗುರುತೇ ಅದು, ಅಪ್ಪಾಜಿಗೆ ಗೊತ್ತಿತ್ತು. ಇನ್ನೊಂದರ ಮೇಲೆ ಯಾರೋ ಚಕ್ರವರ್ತಿಯ ಮುಖ. “ಅಪ್ಪಾಜಿ, ಬೇಡ ಬನ್ನಿ” ಅಂದೆ. “ಇರಮ್ಮ, ನೋಡೋಣ” ಅಂದರು. ಅವರ ಕೈ ಸಣ್ಣಗೆ ನಡುಗುತ್ತಿತ್ತು. ಅದನ್ನು ನೋಡಿ ನಾನೂ ಸುಮ್ಮನಾದೆ. ಅವತ್ತು ನಾನು ಗಟ್ಟಿಯಾಗಿ ಬೇಡ ಅನ್ನಬೇಕಿತ್ತು.

ಎರಡು ದಿನ ಆದ ಮೇಲೆ ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಸ್ಕ್ಯಾನ್ ಆಗುವಾಗ ತಡೆದರು. ನಾಣ್ಯ ಹೊರಗೆ ತೆಗೆಸಿದರು, ಪಾಸ್‌ಪೋರ್ಟ್ ಇಸ್ಕೊಂಡರು. ಎಲ್ಲಿ ಸಿಕ್ಕಿತು, ಯಾರು ಕೊಟ್ಟರು, ರಸೀದಿ ಎಲ್ಲಿ? ರಸೀದಿ ಎಲ್ಲಿಂದ ತರೋದು? ಅಲ್ಲಿನವರು ಒರಟಾಗಿ ಮಾತಾಡಲಿಲ್ಲ, ಅವರ ಕೆಲಸ ಅವರು ಮಾಡಿದರು. ಫೋಟೋ ತೆಗೆದು ತಜ್ಞರೊಬ್ಬರಿಗೆ ಕಳಿಸಿದರು. ಉತ್ತರ ಬರುವವರೆಗೆ ಕಾಯಬೇಕು ಅಂದರು. ಅಪ್ಪಾಜಿಯ ಬಿಪಿ ಮಾತ್ರೆ ಆಗಲೇ ಒಳಗೆ ಹೋಗಿದ್ದ ಸೂಟ್‌ಕೇಸಿನಲ್ಲಿತ್ತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮನುಷ್ಯ ತಲೆ ತಗ್ಗಿಸಿ ಕೂತಿದ್ದನ್ನು ನಾನು ಮರೆಯೋದಿಲ್ಲ.

ಎರಡೂ ಖೋಟಾ ಅಂತ ಉತ್ತರ ಬಂತು. ಅದಕ್ಕೇ ನಮ್ಮನ್ನು ಬಿಟ್ಟರು. ನಿಜವಾದದ್ದು ಆಗಿದ್ದರೆ? ಟರ್ಕಿಯಲ್ಲಿ 1983ರ ಕಾನೂನಿನ ಪ್ರಕಾರ ನೆಲದಲ್ಲಿ ಸಿಕ್ಕ ಹಳೇ ವಸ್ತು ಸರ್ಕಾರದ್ದು. ದೇಶದ ಹೊರಗೆ ಒಯ್ದರೆ ವರ್ಷಗಟ್ಟಲೆ ಜೈಲು. ಗೊತ್ತಿರಲಿಲ್ಲ ಅಂದರೆ ನಡೆಯಲ್ಲ. ಅಂದರೆ ಆ ಗಂಟಿನಲ್ಲಿ ಇದ್ದದ್ದು ಖೋಟಾ ಆದರೆ ದುಡ್ಡು ಹೋಯಿತು, ಅಸಲಿ ಆದರೆ ನಾವೇ ಹೋದೆವು.

ಆಮೇಲೆ ಅಲ್ಲಿದ್ದವರೇ ತೋರಿಸಿದರು. ನಾಣ್ಯದ ಅಂಚಿನ ಸುತ್ತ ತೆಳ್ಳಗೆ ಒಂದು ಗೆರೆ, ಅಚ್ಚಿನ ಎರಡು ಭಾಗ ಸೇರಿದ ಜಾಗ. ಜೇನುನೊಣದ ರೆಕ್ಕೆಯ ಮೇಲೆ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತು. ಲೋಹ ಕರಗಿಸಿ ಎರಕ ಹುಯ್ಯುವಾಗ ಗಾಳಿ ಸಿಕ್ಕಿಕೊಂಡರೆ ಹಾಗಾಗುತ್ತಂತೆ. ಆ ಕಾಲದಲ್ಲಿ ಇಂಥ ನಾಣ್ಯವನ್ನು ಸುತ್ತಿಗೆಯಿಂದ ಬಡಿದು ಮುದ್ರೆ ಒತ್ತುತ್ತಿದ್ದರು. ಹಸಿರು ಕಿಲುಬು ಅಂದುಕೊಂಡಿದ್ದು ಬೆರಳಿಗೆ ಅಂಟಿತು. ಆದರೆ ಇದನ್ನೆಲ್ಲ ಪರೀಕ್ಷೆ ಮಾಡಿ ಕೊಳ್ಳಬಹುದು ಅಂತ ಮಾತ್ರ ಅಂದುಕೊಳ್ಳಬೇಡಿ. ಕೊಳ್ಳಲೇಬೇಡಿ.

ನೆಲದ ಮೇಲೆ ಬಿದ್ದಿರುವ ಮಡಕೆ ಚೂರು, ಅಮೃತಶಿಲೆ ಚೂರು ಕೂಡ ಮುಟ್ಟಬೇಡಿ. ನನ್ನ ಮಗ ಒಂದು ಹೆಂಚಿನ ಚೂರು ಜೇಬಿಗೆ ಹಾಕಿಕೊಂಡಿದ್ದ. ಅಲ್ಲೇ ವಾಪಸ್ ಇಡಿಸಿದ್ದೆ, ನಮ್ಮ ಪುಣ್ಯ. ಹೊರಡುವ ಮುಂಚೆ ಮಕ್ಕಳ ಜೇಬು, ಹಿರಿಯರ ಕೈಚೀಲ ಎರಡನ್ನೂ ನೋಡಿ.

ಇನ್ನೊಂದು ಮಾತು. ಮೇಲಿನ ಗೇಟಿನಿಂದ ಶುರು ಮಾಡಿದರೆ ದಾರಿ ಪೂರ್ತಿ ಇಳಿಜಾರು, ಮಂಡಿ ನೋವಿದ್ದವರಿಗೆ ಒಳ್ಳೇದು. ಕಲ್ಲು ನುಣುಪಾಗಿ ಜಾರುತ್ತೆ, ಹಿಡಿತ ಇರುವ ಶೂ ಹಾಕಿ. ಬೆಳಿಗ್ಗೆ ಗೇಟು ತೆಗೆಯುತ್ತಿದ್ದ ಹಾಗೇ ಒಳಗೆ ಹೋಗಿ. ಮಧ್ಯಾಹ್ನ ಸೆಲ್ಚುಕ್ ಊರಿನ ಮ್ಯೂಸಿಯಂಗೆ ಹೋಗಿ, ಎಫೆಸಸ್‌ನ ಆರ್ಟೆಮಿಸ್ ದೇವಿಯ ವಿಗ್ರಹಗಳು ಇರುವುದು ಅಲ್ಲೇ. ಹಿರಿಯರನ್ನು ಗೇಟಿನ ಹೊರಗೆ ಒಬ್ಬರೇ ಬಿಟ್ಟು ಹೋಗಬೇಡಿ, ನೀರು ತರೋದಕ್ಕೂ.

ಇದನ್ನು ಬರೆಯಲು ನನಗೆ ಮನಸ್ಸಿರಲಿಲ್ಲ. “ನನ್ನ ಮರ್ಯಾದೆ ಬಿಡು, ಬರಿಯಮ್ಮ” ಅಂದಿದ್ದೇ ಅಪ್ಪಾಜಿ. ಅವರ ಹಳೇ ಸಹೋದ್ಯೋಗಿಗಳು ಕೆಲವರು ಸದ್ಯದಲ್ಲೇ ಅಲ್ಲಿಗೆ ಹೊರಟಿದ್ದಾರೆ. ಅದರಲ್ಲಿ ಇಬ್ಬರು ನಾಣ್ಯ ಕೂಡಿಡುವವರು.