ಓಬಿಸ್ ದತ್ತಾಂಶ ಭಂಡಾರ: ಎಲ್ಲಿ ಸಿಕ್ಕಿತೆಂಬುದಕ್ಕೆ ಉತ್ತಮ, ಎಷ್ಟಿದೆಯೆಂಬುದಕ್ಕೆ ಸಾಲದು

ಬಂಗುಡೆ ಮೀನು ಯಾವ ಸಮುದ್ರದಲ್ಲಿ, ಯಾವ ವರ್ಷ, ಎಷ್ಟು ಆಳದಲ್ಲಿ ಕಂಡುಬಂದಿದೆ ಎಂದು ಹುಡುಕುವ ವಿದ್ಯಾರ್ಥಿಗಳಿಗೆ ನಾನು ಮೊದಲು ಸೂಚಿಸುವುದು ಕಡಲ ಜೀವಿಗಳು ಕಂಡುಬಂದ ದಾಖಲೆಗಳನ್ನು ಕೂಡಿಡುವ ಓಬಿಸ್ ಎಂಬ ಮುಕ್ತ ದತ್ತಾಂಶ ಭಂಡಾರವನ್ನು. 'ಸೆನ್ಸಸ್ ಆಫ್ ಮರೈನ್ ಲೈಫ್' ಎಂಬ ಜಾಗತಿಕ ಯೋಜನೆಯಲ್ಲಿ ಹುಟ್ಟಿದ ಇದನ್ನು 2009ರಲ್ಲಿ ಯುನೆಸ್ಕೊದ ಸಾಗರ ವಿಜ್ಞಾನ ಆಯೋಗವು ವಹಿಸಿಕೊಂಡಿತು. ಬೆಲ್ಜಿಯಂನ ಓಸ್ಟೆಂಡ್‌ನಲ್ಲಿ ಇದರ ಕಚೇರಿಯಿದೆ. 10 ಕೋಟಿಗೂ ಹೆಚ್ಚು ದಾಖಲೆಗಳು ಇಲ್ಲಿ ಶುಲ್ಕವಿಲ್ಲದೆ ಸಿಗುತ್ತವೆ.

ಇದರ ದೊಡ್ಡ ಬಲವೆಂದರೆ ಹೆಸರುಗಳ ಶಿಸ್ತು. ಹಳೆಯ ಗ್ರಂಥಗಳಲ್ಲಿ ಬಂಗುಡೆಯನ್ನು ಸ್ಕೋಂಬರ್ ಮೈಕ್ರೊಲೆಪಿಡೋಟಸ್ ಎಂದೂ ಬರೆಯುತ್ತಿದ್ದರು. ಈಗ ಮಾನ್ಯವಾಗಿರುವುದು ರಾಸ್ಟ್ರೆಲಿಜರ್ ಕನಗುರ್ಟ. ಓಬಿಸ್ ಪ್ರತಿಯೊಂದು ದಾಖಲೆಯ ಹೆಸರನ್ನೂ 'ವರ್ಮ್ಸ್' ಎಂಬ ಕಡಲ ಜೀವಿಗಳ ಜಾಗತಿಕ ನಾಮಪಟ್ಟಿಯೊಂದಿಗೆ ತಾಳೆ ನೋಡಿ ಮಾನ್ಯ ಹೆಸರಿನಡಿ ಸೇರಿಸುವುದರಿಂದ, ಹಳೆಯ ಹೆಸರಿನಲ್ಲಿ ದಾಖಲಾದ ಮೀನೂ ಹುಡುಕಾಟದಲ್ಲಿ ತಪ್ಪಿಹೋಗುವುದಿಲ್ಲ.

ಗುಣಮಟ್ಟದ ತಪಾಸಣೆ ಶ್ಲಾಘನೀಯವಾದರೂ ಅದನ್ನೇ ಪೂರ್ತಿ ನಂಬಿ ಕೂರುವಂತಿಲ್ಲ. ಸ್ಥಳ ನೆಲದ ಮೇಲೆ ಬಿದ್ದರೆ, ನಮೂದಿಸಿದ ಆಳ ಅಲ್ಲಿನ ಕಡಲತಳಕ್ಕಿಂತ ಕೆಳಗಿದ್ದರೆ, ದಾಖಲೆಗೆ ಎಚ್ಚರಿಕೆಯ ಗುರುತು ಬೀಳುತ್ತದೆ. ಆದರೆ ಮಂಗಳೂರಿನಾಚೆ 12.8 ಡಿಗ್ರಿ ಉತ್ತರ ಅಕ್ಷಾಂಶ, 74.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ಹಿಡಿದ ಮೀನಿನ ಈ ಎರಡು ಅಂಕಿಗಳನ್ನು ಯಾರಾದರೂ ಅದಲುಬದಲು ಮಾಡಿದರೆ, ಆ ಮೀನು ನಾರ್ವೆಗಿಂತಲೂ ಉತ್ತರದ ಆಳವಾದ ಸಮುದ್ರಕ್ಕೆ ಹೋಗಿ ಕೂರುತ್ತದೆ. ಅದೂ ಸಮುದ್ರವೇ, ಆಳವೂ ಬೇಕಾದಷ್ಟಿದೆ. ಹಾಗಾಗಿ ಮೇಲಿನ ಎರಡು ಗುರುತುಗಳೂ ಈ ತಪ್ಪನ್ನು ಹಿಡಿಯಲಾರವು. ಇಂಥಲ್ಲಿ ಕೈಹಿಡಿಯುವುದು ಓಬಿಸ್ ತಾನಾಗಿ ಪ್ರತಿ ದಾಖಲೆಗೂ ಜೋಡಿಸುವ ಮೇಲ್ಮೈ ನೀರಿನ ಉಷ್ಣಾಂಶ. ಬೆಚ್ಚನೆಯ ನೀರಿನ ಬಂಗುಡೆಯ ಮುಂದೆ ಮಂಜುಗಡ್ಡೆಯ ಸೀಮೆಯ ಉಷ್ಣಾಂಶ ಕಂಡರೆ, ಆ ಸಾಲನ್ನು ಮೂಲ ದಾಖಲೆಯೊಂದಿಗೆ ಹೋಲಿಸಿ ನೋಡಲೇಬೇಕು. ಡೌನ್‌ಲೋಡ್ ಮಾಡಿದ ಕಡತದಲ್ಲಿ ಮೊದಲು ಈ ಅಂಕಣವನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನೋಡುವುದನ್ನು ಎಲ್ಲರೂ ರೂಢಿಸಿಕೊಳ್ಳಬೇಕೆಂಬುದು ನನ್ನ ಆಗ್ರಹ.

ಮೀನುಗಾರಿಕೆಯ ಅಧ್ಯಯನಕ್ಕೆ ಬಂದಾಗ ನನ್ನ ಮೆಚ್ಚುಗೆ ತಗ್ಗುತ್ತದೆ. ಮೀನಿನ ಸಂಪತ್ತು ಏರಿತೇ ಇಳಿಯಿತೇ ಎಂದು ಹೇಳಲು ಸಿಕ್ಕಿದ ಮೀನಿನ ಲೆಕ್ಕದ ಜೊತೆಗೆ ಬಲೆ ಎಷ್ಟು ಹೊತ್ತು ಎಳೆದರು, ಅದರ ಕಣ್ಣಿನ ಅಳತೆ ಎಷ್ಟು, ಬಲೆ ಹಾಕಿಯೂ ಏನೂ ಸಿಗದ ದಿನಗಳು ಯಾವುವು ಎಂಬ ವಿವರಗಳೂ ಬೇಕು. ಇವನ್ನೆಲ್ಲ ತುಂಬಲು ಓಬಿಸ್‌ನಲ್ಲಿ ಪ್ರತ್ಯೇಕ ಕೋಷ್ಟಕವಿದೆ, 'ಸಿಗಲಿಲ್ಲ' ಎಂದು ದಾಖಲಿಸುವ ಅವಕಾಶವೂ ಇದೆ; ಆದರೆ ಹಲವು ದತ್ತಾಂಶ ಸಂಗ್ರಹಗಳಲ್ಲಿ ಆ ಭಾಗ ಖಾಲಿಯಾಗಿಯೇ ಇರುತ್ತದೆ. ಓಬಿಸ್ ನಕ್ಷೆಯಲ್ಲಿ ದಾಖಲೆಯಿಲ್ಲದೆ ಬರಿದಾದ ಚೌಕವನ್ನು ಮೀನಿಲ್ಲದ ಜಾಗವೆಂದು ಓದುವುದು ಇದರಿಂದಾಗಿಯೇ ಅಪಾಯಕಾರಿ. ಅಲ್ಲಿ ಯಾರೂ ಬಲೆ ಬೀಸಿಲ್ಲದಿರಬಹುದು, ಬೀಸಿದವರು ಮಾಹಿತಿ ಹಂಚಿಕೊಳ್ಳದೆಯೂ ಇರಬಹುದು.

ಮಲ್ಪೆ, ಮಂಗಳೂರು ಬಂದರುಗಳ ಮೀನುಗಾರಿಕೆಯನ್ನು ಅಭ್ಯಸಿಸುವವರು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಅಂದಾಜುಗಳನ್ನು ಜೊತೆಗಿಟ್ಟುಕೊಳ್ಳಲೇಬೇಕು. ಅವು ದಡಕ್ಕೆ ಬಂದ ಮೀನನ್ನು ಮಾದರಿ ಸಮೀಕ್ಷೆಯಿಂದ ಟನ್ ಲೆಕ್ಕದಲ್ಲಿ ಹೇಳುತ್ತವೆ. ಓಬಿಸ್ ಜೀವಿ ಕಂಡ ಸ್ಥಳ ಮತ್ತು ದಿನವನ್ನು ಹೇಳುತ್ತದೆ. ಒಂದರ ಬದಲಿಗೆ ಇನ್ನೊಂದನ್ನು ಬಳಸಲಾಗದು.

ಪರವಾನಗಿಯ ವಿಷಯ ಸರಳ: ದತ್ತಾಂಶವು ಕ್ರಿಯೇಟಿವ್ ಕಾಮನ್ಸ್ (ಸಿಸಿ) ಎಂಬ ಮುಕ್ತ ಪರವಾನಗಿಗಳ ಪೈಕಿ ಷರತ್ತುಗಳಿಲ್ಲದ ಸಿಸಿ ಝೀರೋ, ಮೂಲವನ್ನು ಹೆಸರಿಸಬೇಕಾದ ಸಿಸಿ ಬೈ ಅಥವಾ ಅದರ ಜೊತೆಗೆ ವಾಣಿಜ್ಯ ಬಳಕೆಗೂ ಅವಕಾಶವಿಲ್ಲದ ಸಿಸಿ ಬೈ ಎನ್‌ಸಿ ಅಡಿಯಲ್ಲಿ ಇರುತ್ತದೆ. ಯಾವ ಪರವಾನಗಿಯಿದ್ದರೂ ಓಬಿಸ್ ಹೆಸರೊಂದನ್ನೇ ಬರೆದು ಕೈತೊಳೆದುಕೊಳ್ಳದೆ, ಕಡಲಿಗಿಳಿದು ಅಳೆದವರ ಮೂಲ ದತ್ತಾಂಶ ಸಂಗ್ರಹವನ್ನೂ ಉಲ್ಲೇಖಿಸಿ. ಮುಂದಿನ ಸಮೀಕ್ಷೆಯ ಮಾಹಿತಿಯನ್ನು ಹಂಚಿಕೊಳ್ಳಲು ಅವರಿಗೆ ಸಿಗುವ ಮನ್ನಣೆ ಬಹುಪಾಲು ಅದೊಂದೇ.